ಅಕ್ಕ ಕೊಟ್ಟ ಚೊಂಬು ನೀರು

ಮೊನ್ನೆ ಸೋಮವಾರದ ಪೂಜೆಗೆಂದು ಹಿತ್ತಾಳೆ ಚೊಂಬು ತಿಕ್ಕುತ್ತಿದ್ದೆ. ಹುಣಸೆಹಣ್ಣಿನ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು. ಜಗಲಿಯಲ್ಲಿ ಕೂತು ಅವರೂ ಹೀಗೇ ತಿಕ್ಕುತ್ತಿದ್ದರು...

ತೊಂಬತ್ತರ ದಶಕದ ಮಾತು. ಅಕ್ಕನ ಒಬ್ಬನೇ ಮಗನನ್ನು ಜಗಳದಲ್ಲಿ ಗೆಳೆಯನೇ ಇರಿದು ಕೊಂದಿದ್ದ. ನನ್ನ ತವರು ಟಿ. ನರಸೀಪುರದಲ್ಲಿ ನನ್ನ ತಮ್ಮನೂ ಅಂಥದೇ ಜಗಳದಲ್ಲಿ ಕೊಲೆಯಾಗಿದ್ದ. ಇಬ್ಬರದೂ ಒಂದೇ ಸಂಕಟ ಎಂದುಕೊಂಡು ಎಷ್ಟೋ ವರ್ಷ ಜೊತೆಯಲ್ಲೇ ದೇವಸ್ಥಾನಕ್ಕೆ ಹೋಗಿ ಬಂದೆವು.

ಶಿಕ್ಷೆ ಮುಗಿಸಿದ ಆ ಗೆಳೆಯ ಒಂದು ಬೆಳಿಗ್ಗೆ ಅಕ್ಕನ ಬಾಗಿಲಿಗೆ ಬಂದು ನಿಂತ. ರಂಗೋಲಿ ಬಿಡುತ್ತಿದ್ದ ನಾನು ಹಾಗೇ ಕೂತುಬಿಟ್ಟೆ.

"ನನ್ ಮಗ ಕೊನೇಲಿ ಏನಂದ್ನಪ್ಪ?" ಎಂದರು ಅಕ್ಕ.

"ನೀರ್ ಕೇಳ್ದ ಕಣವ್ವ... ನಾನ್ ಕೊಡ್ದೆ ಓಡೋದೆ."

ಕೊಲೆಯಾದವನ ಮನೆಯವರು ಕೊಂದವರಿಗೆ ನೀರು ಕೊಡುವುದಿಲ್ಲ. ನಮ್ಮ ಕಡೆ ಅದು ಕಟ್ಟುಪಾಡು. ಅಕ್ಕ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವನ ಮುಂದಿಟ್ಟರು. ಅವನು ಕುಡಿಯಲಾರದೆ ಅತ್ತ. ಮಗ ಹೋದಂದಿನಿಂದ ಇಲ್ಲದ ನಿದ್ದೆ ಅಕ್ಕನಿಗೆ ಅವತ್ತು ರಾತ್ರಿ ಬಂತು.

ನನಗೆ ಹೊಟ್ಟೆ ಉರಿಯಿತು. ದೇವರ ಮುಂದೆ ಸುಳ್ಳು ಹೇಳಲಾರೆ. ಗಂಡ ಮಕ್ಕಳು ಚೆನ್ನಾಗಿದ್ದಾರೆ, ಇವತ್ತು ಹಾಲು ಉಕ್ಕಿ ಚೆಲ್ಲಲಿಲ್ಲ, ಎಲ್ಲ ನಂಜುಂಡನ ದಯೆ ಎಂದು ಎಣಿಸುವವಳು ನಾನು. ಆ ಎಣಿಕೆಯಲ್ಲಿ ತಮ್ಮನ ಕೊನೆಯ ಮಾತು ಇರಲಿಲ್ಲ. ಅವನನ್ನು ಕೊಂದವನೂ ಜೈಲಿನಿಂದ ಬಂದು ನರಸೀಪುರದಲ್ಲೇ ಅಂಗಡಿ ಇಟ್ಟಿದ್ದ. ನನ್ನ ಬಾಗಿಲಿಗೆ ಬರಲಿಲ್ಲ.

ವಾರಗಟ್ಟಲೆ ಅಕ್ಕನ ಜೊತೆ ಮಾತು ಬಿಟ್ಟೆ. ಕೊನೆಗೆ ತಡೆಯಲಾರದೆ ಅಂದೆ: "ನಿಮ್ ಪುಣ್ಯ ಕಣಕ್ಕ, ಅವ್ನಾಗೇ ಬಂದ."

"ಅವ್ನಾಗೇ ಎಲ್ ಬಂದನವ್ವ? ನೀನು ಸೀರೆ ತರಕ್ಕೆ ಮೈಸೂರ್‌ಗೆ ಓಯ್ತಿದ್ದೆ, ನಾನು ಅಲ್ಲೇ ಜೈಲಿಗೆ ಅವ್ನ ನೋಡಕ್ಕೆ ಓಯ್ತಿದ್ದೆ. ಮೂರ್ ಸತಿ ಮೊಕಾನೇ ತೋರಿಸ್ಲಿಲ್ಲ. ನಾಕನೇ ಸತಿ ಬಂದ, ಪೊಲೀಸ್ನೋರ್ ಮುಂದೆ ಕೇಳಕ್ಕಾಗ್ನಿಲ್ಲ. ಈಚೆ ಬಂದ್ಮೇಲೆ ಮನೆಗ್ ಬಾ ಅಂತ ನಾನೇ ಕರ್ದೆ. ನೀನೂ ಓಗಿ ಕೇಳ್ಬಾ. ನರಸೀಪುರ ಏನ್ ಕಾಶಿನಾ?"

ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಅದೃಷ್ಟವಾಗಿದ್ದರೆ ದೇವರನ್ನು ದೂರಬಹುದಿತ್ತು. ಇದು ಅಕ್ಕನ ಎದೆಗಾರಿಕೆ. ತವರಿಗೆ ಹೋಗುವಾಗ ಬಸ್ಸು ತಮ್ಮನನ್ನು ಕೊಂದವನ ಅಂಗಡಿ ಮುಂದೆಯೇ ಹಾದುಹೋಗುತ್ತಿತ್ತು. ಎಷ್ಟು ಸಲ ಹೋದೆನೋ... ಇಳಿಯಲಿಲ್ಲ.

ಅಕ್ಕ ತೀರಿಕೊಂಡು ವರ್ಷಗಳಾದವು. ಹೋದ ತಿಂಗಳು ತವರಿನಿಂದ ಸುದ್ದಿ ಬಂತು, ಆ ಅಂಗಡಿಯವನೂ ಸತ್ತನಂತೆ. ನನ್ನ ತಮ್ಮ ಕೊನೆಗೆ ಏನಂದನೋ, ಇನ್ನು ಯಾರನ್ನು ಕೇಳಲಿ?

ಚೊಂಬು ತೊಳೆದು ನೀರು ತುಂಬಿ ದೇವರ ಮುಂದಿಟ್ಟೆ. ಅಕ್ಕ ಮನುಷ್ಯನ ಮುಂದೆ ಇಟ್ಟಿದ್ದರು...