ಮೆಟ್ಟಿಲ ಮೇಲೆ ನಾಲ್ಕು ನಿಮಿಷ

ಸುರಪುರದ ಈ ಹಳೆಯ ಕಲ್ಲಿನ ಶಾಲೆಯನ್ನು ಇಂದು ಕೆಡವುವವರಿದ್ದರು. ಅದನ್ನೂ ಅದರ ಮೇಲಿನ ಮೋಡಗಳನ್ನೂ ಕಪ್ಪು ಬಿಳುಪಿನಲ್ಲಿ ಹಿಡಿಯಲು ಬೆಳಿಗ್ಗೆಯೇ ಕ್ಯಾಮೆರಾ ಹೂಡಿದ್ದೆ. ಇಲ್ಲಿ ಮೂವತ್ತು ವರ್ಷ ಕಸ ಗುಡಿಸಿದ ಶರಣಮ್ಮ ಬಂದು, ‘ಸಾಲಿ ಜೋಡಿ ನಂದೊಂದು ಫೋಟೊ ಹೊಡೀರಿ ಸರ. ಒಂದೂ ಇಲ್ರಿ’ ಎಂದರು.

ಅವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ‘ನಾಲ್ಕು ನಿಮಿಷ ಬೇಕಮ್ಮ’ ಎಂದು ಗುಂಡಿ ಒತ್ತಿದೆ. ಅಷ್ಟು ಹೊತ್ತು ತೆರೆದಿರುವ ಕ್ಯಾಮೆರಾದಲ್ಲಿ ಅಲುಗಾಡಿದವರು ಅಳಿಸಿಹೋಗುತ್ತಾರೆಂದು ಹೇಳಲಿಲ್ಲ. ಮೋಡ ನೋಡುತ್ತಾ ನಿಂತುಬಿಟ್ಟೆ. ತಲೆ ಇಳಿಸಿದಾಗ ಅವರು ಪೊರಕೆ ಹಿಡಿದು ಕೊನೆಯ ಮೆಟ್ಟಿಲು ಗುಡಿಸುತ್ತಿದ್ದರು.

‘ಫೋಟೊದಾಗ ಕಸಾ ಕಾಣಬಾರ್ದಲ್ರಿ.’

ಚಿತ್ರದಲ್ಲಿ ಮೋಡಗಳು ಹಿಂಜಿದ ಹತ್ತಿಯಂತೆ ಉದ್ದಕ್ಕೆ ಹರಡಿದ್ದವು. ಒಂದೊಂದು ಕಲ್ಲೂ ಮೂಡಿತ್ತು. ಶರಣಮ್ಮ ಇರಲಿಲ್ಲ. ಇನ್ನೊಂದು ತೆಗೆಯೋಣ ಎನ್ನುವಷ್ಟರಲ್ಲಿ ಜೆಸಿಬಿ ಒಳಗೆ ಬಂದು ಮೊದಲು ಮೆಟ್ಟಿಲಿಗೇ ಬಾಯಿ ಹಾಕಿತು.

‘ಇದ್ರಾಗ ನಾ ಎಲ್ಲಿ ಅದೀನ್ರಿ?’ ಎಂದು ಅವರು ಕೇಳಿದರು. ಪರದೆಯಲ್ಲಿ ಅವರು ನಿಂತಿದ್ದ ಮೆಟ್ಟಿಲ ಮೇಲೆ ಬೆರಳಿಟ್ಟೆ.

‘ಇರ್ಲಿ ಬಿಡ್ರಿ. ಮೆಟ್ಟಲಾ ಹಸನ ಬಂದಾವ.’

ಪೊರಕೆಯನ್ನು ಎಂದಿನಂತೆ ಬಾಗಿಲ ಹಿಂದೆ ಇಡಲು ಶಾಲೆಯ ಕಡೆ ಎರಡು ಹೆಜ್ಜೆ ಹೋದರು. ಅಲ್ಲೇ ನಿಂತರು.