ಕುಡಿಯದೆ ಕುಡುಕಿಯಾದವರು

ದೊಡ್ಡ ಸಿಸ್ಟರ್ ಅಂಗೈ ಯಾವಾಗಲೂ ಕೆಂಪಗಿರುತ್ತಿತ್ತು. ಹೆಬ್ಬೆರಳಿನ ಬುಡ, ಕಿರುಬೆರಳಿನ ಕೆಳಗಿನ ಉಬ್ಬು, ಎರಡೂ ಆಗಷ್ಟೇ ಮದರಂಗಿ ತೊಳೆದ ಹಾಗೆ. ದಿನಕ್ಕೆ ಇಪ್ಪತ್ತು ಸಲ ಬಿಸಿನೀರಲ್ಲಿ, ಡೆಟಾಲಲ್ಲಿ ಕೈ ಅದ್ದುವವರಿಗೆ ಹಾಗಾಗುತ್ತದೆ ಎಂದುಕೊಂಡಿದ್ದೆ. ನಾನೂ ಅದೇ ನೀರಲ್ಲಿ ಕೈ ಅದ್ದುತ್ತಿದ್ದೆ, ನನ್ನ ಕೈ ಯಾಕೆ ಕೆಂಪಾಗಲಿಲ್ಲ ಎಂದು ಒಂದು ದಿನವೂ ಯೋಚಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಗೆ ಸೇರಿದೆ. ಎಂಟು ಹಾಸಿಗೆ, ಒಬ್ಬರು ಡಾಕ್ಟರು, ಇಬ್ಬರು ನರ್ಸುಗಳು. ಹಿರಿಯರು ಅವರು, ಎಲ್ಲರ ಬಾಯಲ್ಲೂ ದೊಡ್ಡ ಸಿಸ್ಟರ್; ಕಿರಿಯಳು ನಾನು. ಅವರು ಕುಣಿಗಲ್ ಕಡೆಯ ಕೊತ್ತಗೆರೆಯವರು. ಮದುವೆಯಾದ ಎರಡನೇ ವರ್ಷಕ್ಕೇ ಕುಡುಕ ಗಂಡನ ಮನೆ ಬಿಟ್ಟು ಬಂದು, ತುಮಕೂರಿನಲ್ಲಿ ನರ್ಸಿಂಗ್ ಕಲಿತಿದ್ದರು. ಬೆಳಗ್ಗೆ ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ಕಾಫಿಯನ್ನೂ ಹಾಕುತ್ತಿರಲಿಲ್ಲ. ಆಮೇಲೆ ಕುಡಿದರೆ ಅದಕ್ಕೆ ಮೂರು ಚಮಚ ಸಕ್ಕರೆ. ಹೆರಿಗೆಗಳ ನಡುವೆ ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಮಗು ಹುಟ್ಟಿದ ಖುಷಿಗೆ ಯಾರಾದರೂ ತಂದ ಪೇಡ, ಬೇಕರಿಯ ಬನ್ನು, ತಣ್ಣಗಾದ ಅನ್ನ, ಸಿಕ್ಕಿದ್ದು ತಿನ್ನುತ್ತಿದ್ದರು. ಗಂಟಲು ಕೆರೆದರೆ, ಹೊಟ್ಟೆ ಉಬ್ಬಿದರೆ, ಔಷಧಿ ಕಂಪನಿಯವರು ಬಿಟ್ಟುಹೋದ ಆಂಟಿಬಯಾಟಿಕ್ ಕ್ಯಾಪ್ಸೂಲುಗಳನ್ನು ತಾವೇ ತೆಗೆದು ನುಂಗುತ್ತಿದ್ದರು.

ಕೆಲಸವನ್ನೆಲ್ಲ ನನಗೆ ಕಲಿಸಿದವರು ಅವರೇ. ರಿಪೋರ್ಟ್ ಬರೆಯುವಾಗ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಕಂಡಿದ್ದು ಬರಿ ಕಣೇ. ನೀನ್ ಅಂದ್ಕೊಂಡಿದ್ದನ್ನ ಬರೀಬೇಡ. ಅದಕ್ಕೆ ಡಾಕ್ಟ್ರವ್ರೆ." ನನ್ನದೇ ಮೊದಲ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿ ಕೂತಿತ್ತು. ಡಾಕ್ಟರು ಊರಲ್ಲಿರಲಿಲ್ಲ. ಆ ಕೆಂಪು ಕೈಗಳೇ ಹೊಟ್ಟೆಯ ಮೇಲೆ ಅರ್ಧ ಗಂಟೆ ಮೆಲ್ಲಗೆ ಆಡಿ ಅದನ್ನು ತಿರುಗಿಸಿದವು. ಆ ಮಗ ಈಗ ಎರಡು ಮಕ್ಕಳ ತಂದೆ.

ಕುಡಿದು ಬರುವ ಗಂಡಸರನ್ನು ಅವರು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, "ಎಲ್ಲಿ, ಊದ್ಲಾ" ಅನ್ನುವರು. ವಾಸನೆ ಬಂದರೆ, "ಹೋಗು, ನಾಳೆ ಸ್ನಾನ ಮಾಡ್ಕೊಂಡ್ ಬಾ. ಮಗೂಗೇನ್ ಅವಸರ ಇಲ್ಲ, ಅಪ್ಪನ್ನ ನಿಧಾನಕ್ಕೆ ನೋಡುತ್ತೆ." ಒಬ್ಬ ಮಂಡಿ ಸಾಹುಕಾರನನ್ನು ನೆಂಟರೆದುರೇ ಹಾಗೆ ವಾಪಸ್ಸು ಕಳಿಸಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವನು ನಗಲಿಲ್ಲ.

ಎಂಬತ್ತರ ನಂತರ ಅವರಲ್ಲಿ ಏನೋ ಬದಲಾಗತೊಡಗಿತು. ಮಧ್ಯಾಹ್ನ ಊಟ ಮಾಡಿದ ಒಂದೆರಡು ಗಂಟೆಯಲ್ಲಿ ಕಣ್ಣು ಮಂಪರಾಗುತ್ತಿತ್ತು. ನಾಲಗೆ ಎಳೆಯುತ್ತಿತ್ತು. ಒಂದು ದಿನ ನಡೆಯುತ್ತ ಗೋಡೆ ಹಿಡಿದುಕೊಂಡರು. ಹತ್ತಿರ ಹೋದೆ. ಅವರ ಬಾಯಿಂದ ಹೆಂಡದ ವಾಸನೆ. ನನ್ನ ಅಪ್ಪನೂ ಕುಡಿಯುತ್ತಿದ್ದವನೇ, ನನಗೆ ಆ ವಾಸನೆ ತಪ್ಪುವುದಿಲ್ಲ. ಯಾರಿಗೂ ಹೇಳಲಿಲ್ಲ. ಅವರನ್ನೂ ಕೇಳಲಿಲ್ಲ. ಸ್ಪಿರಿಟ್ ಬಾಟಲಿಯಲ್ಲಿ ಎಷ್ಟಿದೆ ಎಂದು ಮಾತ್ರ ಅವತ್ತಿನಿಂದ ಕಳ್ಳಗಣ್ಣಲ್ಲಿ ನೋಡತೊಡಗಿದೆ.

ಕಡೆಗೆ ಬಾಯಿಬಿಟ್ಟಿದ್ದು ಒಬ್ಬ ಬಾಣಂತಿಯ ಅತ್ತೆ. "ಮಗೂನ ಎತ್ಕೊಂಡವ್ಳ ಬಾಯಲ್ಲಿ ಸಾರಾಯಿ ವಾಸ್ನೆ ಹೊಡೀತೈತೆ!" ಎಂದು ಹೊರಗೆ ಬಂದು ಕೂಗಿದಳು. ಜನ ಸೇರಿದರು. ಡಾಕ್ಟರು ದೊಡ್ಡ ಸಿಸ್ಟರನ್ನು ತಮ್ಮ ರೂಮಿಗೆ ಕರೆದು, ಎಲ್ಲರ ಮುಂದೆ ಊದಿ ಅಂದರು. ಅಷ್ಟು ವರ್ಷ ಬೇರೆಯವರನ್ನು ಊದಿಸಿದ ಹೆಂಗಸು ಊದಿದರು. ಡಾಕ್ಟರು ಮುಖ ಆಚೆ ತಿರುಗಿಸಿಕೊಂಡರು.

"ಲಿಂಗ ಮುಟ್ಟಿ ಹೇಳ್ತೀನಿ ಸಾರ್. ನನ್ ಜೀವಮಾನದಲ್ಲಿ ಒಂದ್ ತೊಟ್ಟು ಮುಟ್ಟಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಇರ್ತೀಯಲ್ಲ. ಮುಂಚೆ ಯಾವತ್ತಾದ್ರೂ ವಾಸನೆ ಬಂದಿತ್ತಾ?"

"ಬಂದಿತ್ತು ಸಾರ್" ಎಂದೆ. "ಮೂರ್ನಾಲ್ಕು ಸಲ."

ಸುಳ್ಳೇನೂ ಹೇಳಲಿಲ್ಲ. ಕಂಡಿದ್ದನ್ನೇ ಹೇಳಿದೆ. ಅವರು ಕುಡಿದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಆ ಮಾತನ್ನು ಸೇರಿಸಿ ಹೇಳಬಹುದಿತ್ತು, ಸೇರಿಸಲಿಲ್ಲ. ದೊಡ್ಡ ಸಿಸ್ಟರ್ ನನ್ನನ್ನು ನೋಡಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು ಹೊರಟರು. ಮರುದಿನ ಬೆಳಗ್ಗೆ ಡಾಕ್ಟರು ಅವರ ಕೆಲಸವನ್ನು ನನಗೆ ವಹಿಸಿದರು. ಮಂಡಿ ಸಾಹುಕಾರ ಪೇಟೆಯ ತುಂಬ ಪೇಡ ಹಂಚಿದನಂತೆ.

ಮುಂದಿನ ವರ್ಷ, ಕಾಯಿಲೆ ಜೋರಾಗಿದೆ ಎಂದು ಕೇಳಿ ಕೊತ್ತಗೆರೆಗೆ ಹೋದೆ. ಅವರು ತಮ್ಮನ ಮನೆಯ ಪಡಸಾಲೆಯ ರೂಮಿನಲ್ಲಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯ ಹಾಗೆ. ಕಣ್ಣು ಹಳದಿ. ನನ್ನನ್ನು ನೋಡಿ ಒಂದು ಸಣ್ಣ ನಗೆ ನಕ್ಕರು. "ಹೆರಿಗೆ ಮಾಡ್ಸಕ್ ಬಂದ್ಯೇನೇ?"

ತುಮಕೂರಿನ ಒಬ್ಬ ದೊಡ್ಡ ಡಾಕ್ಟರು ಅವರ ಅಂಗೈ ಮಗುಚಿ ನೋಡಿದ್ದರಂತೆ, ಪಕ್ಕೆ ಒತ್ತಿ ನೋಡಿದ್ದರಂತೆ. "ಲಿವರಲ್ಲಿ ಕೊಬ್ಬು ತುಂಬಿ ಗಟ್ಟಿಯಾಗಿದೆ. ಇದು ಕುಡಿಯೋರಿಗೆ ಬರೋದು. ಅಂಗೈಯೇ ಹೇಳ್ತಿದೆಯಲ್ಲ. ಎಷ್ಟು ವರ್ಷದಿಂದ ಕುಡೀತಿದೀರ?" ಇಲ್ಲ ಎಂದರೆ, "ಎಲ್ಲಾರೂ ಹಂಗೇ ಅನ್ನೋದು" ಎಂದು ಚೀಟಿಯಲ್ಲಿ ಕುಡಿತ ಎಂದೇ ಬರೆದರಂತೆ. ಆ ಚೀಟಿ ಓದಿದ ಮೇಲೆ ತಮ್ಮನು ಅಕ್ಕನ ಟ್ರಂಕು, ಹಾಸಿಗೆ ಎಲ್ಲ ಜಾಲಾಡಿದ್ದ. ಅಡುಗೆಮನೆಗೆ, ದೇವರಮನೆಗೆ ಬರಬೇಡ ಎಂದಿದ್ದ.

"ನಾನೇ ಅಂದೆ," ದೊಡ್ಡ ಸಿಸ್ಟರ್ ಹೇಳಿದರು. "ಎಂಟ್ ದಿನ ಈ ರೂಮಲ್ಲಿ ಬೀಗ ಹಾಕು, ಕೀಲಿ ನಿನ್ ಸೊಂಟದಲ್ಲಿಟ್ಕೊ. ಆಮೇಲ್ ಮಾತಾಡು ಅಂದೆ. ಹಾಕ್ದ."

"ಆಮೇಲೆ?"

"ಮೂರನೇ ದಿನ ಯಾವ್ದೋ ಹಬ್ಬ. ಅಯ್ಯೋ ಪಾಪ ಅಂತ ತಮ್ಮನ ಹೆಂಡ್ತಿ ಅನ್ನ, ಪಾಯಸ ಎಲ್ಲ ಚೆನ್ನಾಗ್ ಬಡಿಸಿದ್ಲು. ಸಾಯಂಕಾಲ ಬಾಗ್ಲು ತೆಗೆದ್ರೆ ವಾಸ್ನೆ. ಕಿಟಕಿಯಿಂದ ಯಾರೋ ತಂದ್ ಕೊಡ್ತವ್ರೆ ಅಂತ ಕಿಟಕೀಗೂ ಹಲಗೆ ಹೊಡೆದ್ರು." ಗೋಡೆಗೆ ಒರಗಿಕೊಂಡು, "ನಂಗೇ ಅನುಮಾನ ಬಂತು ಕಣೇ. ನಿದ್ದೆಗಣ್ಣಲ್ಲಿ ಎದ್ದೋಗಿ ಕುಡೀತಿದೀನೇನೋ ಅಂತ. ನನ್ ಕಾಲಿಗೆ ನಾನೇ ಹಗ್ಗ ಕಟ್ಕೊಂಡ್ ಮಲಗಿದೀನಿ."

ದಿಂಬಿನಡಿಯಿಂದ ಒಂದು ಹಾಳೆ ತೆಗೆದರು. ನಮ್ಮ ಆಸ್ಪತ್ರೆಯ ಚಾರ್ಟಿನ ಹಾಗೇ ಗೆರೆ ಎಳೆದು, ಯಾವ ದಿನ ಏನು ತಿಂದೆ, ಎಷ್ಟು ಹೊತ್ತಿಗೆ ತಲೆ ತಿರುಗಿತು, ಯಾವಾಗ ವಾಸನೆ ಬಂತು, ಎಲ್ಲ ಬರೆದಿದ್ದರು. ಒಂದು ತಿಂಗಳಿನದು.

"ನೋಡು. ಉಪವಾಸದ ದಿನ ವಾಸ್ನೆ ಇಲ್ಲ. ಬರೀ ಮಜ್ಜಿಗೆ, ಸೊಪ್ಪು ತಿಂದ ದಿನ ಇಲ್ಲ. ಅನ್ನ, ಸಕ್ಕರೆ ಹೊಟ್ಟೆಗೆ ಹೋದ್ರೆ ಬರ್ತದೆ. ದೋಸೆ ಹಿಟ್ಟು ಉಕ್ಕಲ್ವಾ, ಹಂಗೆ ನನ್ ಹೊಟ್ಟೇಲಿ ಏನೋ ಹುದುಗ್ತಾ ಐತೆ. ಯಾವ್ದೋ ಕ್ರಿಮಿ. ಅದೇ ಲಿವರ್ ತಿಂತಿರೋದು. ನನ್ ಮಾತು ಯಾರೂ ಕೇಳಲ್ಲ. ನೀನ್ ನಮ್ ಡಾಕ್ಟ್ರಿಗೆ ಕೊಡು. ಅವ್ರು ಓದ್ಕೊಂಡವ್ರು, ಯಾರಿಗಾದ್ರೂ ಬರೀತಾರೆ."

"ಕೊಡ್ತೀನಿ ಸಿಸ್ಟರ್" ಎಂದೆ.

ಕೊಡಲಿಲ್ಲ. ಆ ಹಾಳೆ ಹಲವು ದಿನ ನನ್ನ ಏಪ್ರನ್ ಜೇಬಿನಲ್ಲಿತ್ತು. ಡಾಕ್ಟರು ನಕ್ಕಾರು ಎಂಬ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಭಯ ಬೇರೆ. ಅವರು ನಗದೆ ಓದಿಬಿಟ್ಟರೆ? ಹೌದಲ್ಲ ಅಂದುಬಿಟ್ಟರೆ? ದೊಡ್ಡ ಸಿಸ್ಟರ್ ಮರಳಿ ಬರುತ್ತಾರೆ, ನಾನು ಕುರ್ಚಿ ಬಿಡಬೇಕು. ಅದಕ್ಕಿಂತ ಹೆಚ್ಚಾಗಿ, ಅವತ್ತು ನಾನಾಡಿದ ಮಾತಿಗೆ ಏನು ಅರ್ಥ ಉಳಿಯುತ್ತದೆ? ಹಾಳೆಯನ್ನು ಮನೆಗೆ ತಂದು ಸೀರೆಗಳ ಕೆಳಗಿಟ್ಟೆ. ಐದು ತಿಂಗಳಿಗೆ ಅವರು ರಕ್ತ ಕಾರಿ ಸತ್ತರು. ನಾನು ಮಣ್ಣಿಗೆ ಹೋಗಲಿಲ್ಲ, ಡ್ಯೂಟಿ ಇತ್ತು ಎಂದೆ. ಮನೆ ಬದಲಾಯಿಸುವಾಗ ಹಾಳೆ ಎಲ್ಲಿ ಹೋಯಿತೋ.

ಕೆಲಸದಿಂದ ನಿವೃತ್ತಳಾಗಿ ಎಷ್ಟೋ ವರ್ಷದ ಮೇಲೆ, ಈಚೆಗೆ, ತುಮಕೂರಿನಲ್ಲಿ ನನಗೊಂದು ಸ್ಕ್ಯಾನಿಂಗ್ ಮಾಡಿದರು. ಲಿವರಿನಲ್ಲಿ ಕೊಬ್ಬು. "ನಾನು ಕುಡಿಯಲ್ಲ ಡಾಕ್ಟ್ರೇ" ಎಂದು ಗಾಬರಿಯಾಗಿ ಹೇಳಿದೆ. ಮಗಳ ವಯಸ್ಸಿನ ಆ ಡಾಕ್ಟರು ನಕ್ಕರು.

"ಕುಡೀಲೇಬೇಕು ಅಂತೇನಿಲ್ಲಮ್ಮ. ತೂಕ, ಶುಗರ್, ತಿನ್ನೋದು ಎಲ್ಲ ಸೇರುತ್ತೆ. ಕರುಳಲ್ಲಿರೋ ಬ್ಯಾಕ್ಟೀರಿಯಾನೂ ಇದ್ರಲ್ಲಿ ಕೈಯಾಡಿಸ್ತವೆ. ಅಪರೂಪಕ್ಕೆ ಕೆಲವರಲ್ಲಿ, ತಿಂದ ಅನ್ನಾನೇ ಅವು ಆಲ್ಕೋಹಾಲ್ ಮಾಡಿಬಿಡ್ತವೆ. ಪಾಪ, ಕುಡೀದೇನೇ ಅಮಲು, ಕುಡೀದೇನೇ ಲಿವರ್ ಹಾಳು. ಬೇಗ ಗೊತ್ತಾದ್ರೆ ಊಟ ಬದಲಾಯಿಸಿ, ಔಷಧಿ ಕೊಟ್ಟು ಏನಾದ್ರೂ ಮಾಡ್ಬೋದು."

ದೊಡ್ಡ ಸಿಸ್ಟರ್‌ಗೆ ಆಗಿದ್ದು ಅದೇ ಎಂದು ಈಗ ಯಾರೂ ಪರೀಕ್ಷೆ ಮಾಡಿ ಹೇಳಲಾರರು. ನನಗೆ ಪರೀಕ್ಷೆ ಬೇಕಿರಲಿಲ್ಲ. ಮುಂದಿನ ವಾರವೇ ಬಸ್ಸು ಹತ್ತಿ ಕೊತ್ತಗೆರೆಗೆ ಹೋದೆ. ಅವರ ತಮ್ಮ ಇನ್ನೂ ಇದ್ದರು, ಕೋಲು ಹಿಡಿದು ಓಡಾಡುವ ಮುದುಕ. ಜಗುಲಿಯಲ್ಲಿ ಕೂರಿಸಿಕೊಂಡು ಎಲ್ಲ ಕೇಳಿದರು. ನಿಮ್ಮಕ್ಕ ಕುಡಿಯುತ್ತಿರಲಿಲ್ಲ ಎಂದು ನಾನು ಎರಡೆರಡು ಸಲ ಹೇಳಿದೆ.

ಆಮೇಲೆ ಕೇಳಿದರು. "ಕೊನೆವರ್ಗೂ ಅಕ್ಕ ಪೋಸ್ಟಿನೋನ ದಾರಿ ಕಾಯ್ತಿದ್ಲು ಕಣಮ್ಮ. ಗುಬ್ಬಿ ಹುಡ್ಗಿ ಕೈಲಿ ಕಾಗ್ದ ಕಳ್ಸಿದೀನಿ, ಡಾಕ್ಟ್ರು ಬರೀತಾರೆ ಅಂತ. ನಾವು ಅಮಲಲ್ಲಿ ಬಡಬಡಿಸ್ತಾಳೆ ಅಂದ್ಕೊಂಡ್ವಿ. ಆ ಹುಡ್ಗಿ ನೀನೇನಾ?"

"ನಾನೇ."

"ಕೊಟ್ಯಾ?"

ಮರೆತೆ ಎನ್ನಬಹುದಿತ್ತು. ಡಾಕ್ಟರು ಕಾಲವಾಗಿ ವರ್ಷಗಳಾಗಿದ್ದವು; ಕೊಟ್ಟೆ, ಅವರು ನಂಬಲಿಲ್ಲ ಎಂದೂ ಅನ್ನಬಹುದಿತ್ತು.

"ಇಲ್ಲ" ಎಂದೆ.

ಮುದುಕ ಕೋಲೂರಿ ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೊನೆಯ ಬಸ್ಸಿಗೆ ಹೊತ್ತಾಗುವವರೆಗೂ ನಾನು ಜಗುಲಿಯಲ್ಲೇ ಕೂತಿದ್ದೆ. ಯಾರೂ ಬಾಗಿಲು ತೆಗೆಯಲಿಲ್ಲ.