ಅಕ್ಕ ಹಾಕಿದ ಎರಡನೇ ಅರ್ಜಿ

ಅಕ್ಕನ ಎಡ ಅಂಗೈ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಯಾವ ಬೆಡ್ಡಿನ ಡ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ನೀಲಿ ಬಾಲ್‌ಪೆನ್ನಿನಲ್ಲಿ ಅಲ್ಲೇ ಬರೆದುಕೊಳ್ಳುತ್ತಿದ್ದಳು. ಎಷ್ಟು ಸಲ ಕೈ ತೊಳೆದರೂ ಹೆಬ್ಬೆರಳಿನ ಬುಡದಲ್ಲಿ ಒಂದು ತಾರೀಖು ಮಾತ್ರ ಉಳಿದಿರುತ್ತಿತ್ತು. ಮಾಸಿದಂತೆಲ್ಲ ಅವಳೇ ಅದನ್ನು ತಿದ್ದುತ್ತಿದ್ದಳು. ಅದು ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟುವ ಕೊನೆಯ ದಿನ.

ಭಾವ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರೂ ಒಂದು ದಿನ ನೆಲ ಬಿಟ್ಟು ಮೇಲೆ ಹೋದವರಲ್ಲ. ಅಕ್ಕನೂ ಅಷ್ಟೇ. ಇಬ್ಬರೂ ವಿಮಾನದಲ್ಲಿ ಅಂಡಮಾನಿಗೆ ಹೋಗಬೇಕು, ಅದೂ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟಿನಲ್ಲೇ ಹೋಗಬೇಕು ಎಂಬುದು ಅವಳ ಹಟ. ಮೊದಲು ಭಾವನ ಹೆಸರಿನಲ್ಲಿ ಒಂದು ಕಾರ್ಡು. ಅಕ್ಕಿ, ಗ್ಯಾಸು, ನನ್ನ ಪಂಕ್ಚರ್ ಅಂಗಡಿಯ ಟ್ಯೂಬು ಟೈರು, ಎಲ್ಲವೂ ಅದರಲ್ಲೇ. ಅದರ ಪಾಯಿಂಟು ಕೈಗೆ ಬಂದ ಮೇಲೆ ಭಾವನ ಶಿಫಾರಸಿನಿಂದ ಅಕ್ಕ ಅರ್ಜಿ ಹಾಕುವುದು. ಆಗ ಶಿಫಾರಸು ಮಾಡಿದ್ದಕ್ಕೆ ಅವರಿಗೂ ಒಂದಿಷ್ಟು ಪಾಯಿಂಟು ಸಿಗುತ್ತದೆ, ಹೊಸ ಕಾರ್ಡಿಗೆ ಇವಳಿಗೂ ಒಂದಿಷ್ಟು. ಎರಡೂ ಸೇರಿದರೆ ಇಬ್ಬರಿಗೆ ಟಿಕೆಟ್ಟು.

"ಇಬ್ರೂ ಒಂದೇ ದಿನ ಹಾಕಿದ್ರೆ ಬೇಗ ಆಗಲ್ವಾ ಅಕ್ಕ?" ಎಂದು ಕೇಳಿದ್ದೆ.

"ಒಂದೇ ಸಲ ಎರಡು ಸೂಜಿ ಚುಚ್ಚಬಾರ್ದು ಕಣೋ. ಒಂದು ಮೈಗೆ ಹಿಡೀಬೇಕು, ಆಮೇಲೆ ಇನ್ನೊಂದು."

ಭಾವ ನಗುತ್ತಿದ್ದರು. "ಹಿಂದೆ ತಪ್ಪು ಮಾಡ್ದೋರ್ನ ಅಂಡಮಾನಿಗೆ ಕಳಿಸ್ತಿದ್ರು. ನಿಮ್ಮಕ್ಕ ಗ್ಯಾಸ್ ಸಿಲಿಂಡರ್ ತರ್ಸಿ ಕಳಿಸ್ತಾವ್ಳೆ."

"ನಗ್ರೀ ನಗ್ರಿ. ಕಿಟಕಿ ಸೀಟು ಮಾತ್ರ ನಂದು," ಎನ್ನುತ್ತಿದ್ದಳು ಅಕ್ಕ.

ನಮ್ಮದು ಹೆಬ್ಬೂರಿನ ಹತ್ತಿರದ ಹಳ್ಳಿ. ಅಕ್ಕ ನರ್ಸಿಂಗ್ ಸೇರಿದ ವರ್ಷವೇ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇಬ್ಬರನ್ನೂ ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ಅದಕ್ಕೇ ಇರಬೇಕು, ಕುಣಿಗಲ್ ರಸ್ತೆಯಲ್ಲಿ ತನ್ನ ಬಾಡಿಗೆ ಮನೆಯ ಕೆಳಗೇ ನನಗೆ ಪಂಕ್ಚರ್ ಅಂಗಡಿ ಹಾಕಿಸಿಕೊಟ್ಟಳು. ಡ್ಯೂಟಿಗೆ ಹೊರಡುವಾಗ ಊಟದ ಡಬ್ಬಿಯನ್ನು ಏರ್ ಕಂಪ್ರೆಸರಿನ ಮೇಲೆ ಇಟ್ಟು, "ಕೈ ಸೋಪಲ್ಲಿ ತೊಳ್ಕೊಂಡ್ ತಿನ್ನು, ಗ್ರೀಸ್ ತಿನ್ಬೇಡ," ಎಂದು ಹೋಗುತ್ತಿದ್ದಳು.

ಅವಳು ತನ್ನ ಅರ್ಜಿ ಹಾಕಿದ ವಾರ, ಗಿರಾಕಿಯೊಬ್ಬ ಎದುರಿಗೆ ನಿಂತಿದ್ದಾಗಲೇ ನಾನು, "ನಂಗೂ ಒಂದು ಕಾರ್ಡ್ ಮಾಡ್ಸಿಕೊಡಕ್ಕ," ಎಂದೆ.

"ಏಳನೇ ಕ್ಲಾಸಿನೋನಿಗೆ ಯಾಕ್ಲಾ ಕಾರ್ಡು? ಬಿಲ್ ಬಂದ್ರೆ ಓದ್ಸೋಕೂ ನನ್ ಹತ್ರನೇ ಬರ್ತೀಯ," ಎಂದು ನಕ್ಕಳು. ಗಿರಾಕಿಯೂ ನಕ್ಕ. ಅವಳದು ತಮಾಷೆ. ನಾನು ಮಾತ್ರ ಎರಡು ದಿನ ಅವಳಿಟ್ಟ ಊಟದ ಡಬ್ಬಿ ತೆರೆಯಲಿಲ್ಲ.

ಮೂರನೆಯ ದಿನ ಬ್ಯಾಂಕಿನ ಕಡೆಯವನೊಬ್ಬ ಅಕ್ಕನ ಅರ್ಜಿಯಲ್ಲಿದ್ದ ವಿಳಾಸ ಖಾತ್ರಿ ಮಾಡಲು ಬಂದ. ಮೇಲಿನ ಮನೆಗೆ ಬೀಗ. ಡ್ಯೂಟಿಯಲ್ಲಿದ್ದ ಅಕ್ಕ ಫೋನ್ ಎತ್ತಲಿಲ್ಲ. ಇಂಥವರು ಆಗ ಅಕ್ಕಪಕ್ಕದಲ್ಲಿ ವಿಚಾರಿಸುವುದು ವಾಡಿಕೆ. ನಾನು ಅವಳ ತಮ್ಮ ಎಂದು ಅವನಿಗೆ ಗೊತ್ತಿರಲಿಲ್ಲ.

"ಮೇಲ್ಗಡೆ ಮನೆ ಮೇಡಂ ಇಲ್ಲೇ ಇರೋದಾ?" ಎಂದ.

"ಇದ್ರು. ಖಾಲಿ ಮಾಡ್ಕೊಂಡು ಹೋದ್ರು ಅನ್ಸುತ್ತೆ," ಎಂದೆ.

ಅವನು ಏನೋ ಗೀಚಿಕೊಂಡು ಬೈಕ್ ಹತ್ತಿದ. ಕೂಗಿ ಕರೆಯಬಹುದಿತ್ತು. ಬಗ್ಗಿ ಟ್ಯೂಬನ್ನು ನೀರಿನಲ್ಲಿ ಅದ್ದಿದೆ.

ಅರ್ಜಿ ತಿರಸ್ಕೃತವಾಯಿತು. ಕಾರಣವನ್ನು ಯಾರೂ ಹೇಳಲಿಲ್ಲ. ಮತ್ತೆ ಹಾಕಲು ಆರು ತಿಂಗಳು ಕಾಯಬೇಕು. ಭಾವನ ಪಾಯಿಂಟು ಒಬ್ಬರಿಗೆ ಸಾಲುತ್ತಿತ್ತು. "ನೀನ್ ಹೋಗ್ ಬಾರೇ," ಎಂದರು ಭಾವ.

"ಒಬ್ಳೇ ಹೋಗಿ ಕಿಟಕೀಲಿ ಕಂಡಿದ್ದನ್ನ ಯಾರಿಗೆ ತೋರಿಸ್ಲಿ? ಆರು ತಿಂಗಳು ತಾನೆ, ಕಾಯೋಣ ಬಿಡ್ರಿ."

ಐದನೆಯ ತಿಂಗಳು, ವಾರ್ಡಿನಲ್ಲಿ ತಲೆನೋವು ಎಂದು ಕೂತವಳು ಎದ್ದೇಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ತಾನು ದುಡಿದ ಆಸ್ಪತ್ರೆಯಲ್ಲೇ ಮೂರು ದಿನ ಮಲಗಿದ್ದು ಹೋಗಿಬಿಟ್ಟಳು.

ಮೂರು ತಿಂಗಳ ಮೇಲೆ ಭಾವ ಅಂಗಡಿಗೆ ಬಂದು ಹಳೇ ಟೈರಿನ ಮೇಲೆ ಕೂತರು. "ಆ ಪಾಯಿಂಟು ಈ ತಿಂಗಳು ಕಳುದ್ರೆ ಹೋಯ್ತವೆ ಕಣೋ. ನನ್ ಕೈಲಿ ಹೋಗೋಕಾಗಲ್ಲ. ನೀನ್ ಹೋಗ್ ಬಾ. ನೀನು ನೋಡುದ್ರೆ ಅವಳು ನೋಡ್ದಂಗೆ. ಆಧಾರ್ ಕೊಡು, ಟಿಕೆಟ್ ಮಾಡ್ತೀನಿ."

ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನಿಗೆ ಅಲ್ಲಿ ಮಾತ್ರ ಆಗಲಿಲ್ಲ. ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅವಳಿಗೆ ಹೇಳಿದ್ಯಾ?" ಎಂದರು ಭಾವ.

"ಇಲ್ಲ ಭಾವ."

"ಹೇಳ್ಬೇಕಿತ್ತು ಕಣೋ. ಒಂದ್ ಸಲ ಬೈದು ಸುಮ್ನಾಗೋಳು. ತಾನೇ ಏನೋ ತಪ್ಪು ಬರ್ದಿರ್ಬೇಕು ಅಂತ ಐದು ತಿಂಗಳೂ ಆ ಫಾರಂ ತೆಗ್ದು ತೆಗ್ದು ನೋಡ್ತಿದ್ಲು."

ಮೇಲೆ ಹೋಗಿ ಆ ಫಾರಮ್ಮಿನ ಜೆರಾಕ್ಸ್ ತಂದು ನನ್ನ ಕೈಗೆ ಕೊಟ್ಟರು. ಟಿಕೆಟ್ಟಿನ ಮಾತು ಮತ್ತೆ ಇಬ್ಬರೂ ಎತ್ತಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಇಡೀ ಮಧ್ಯಾಹ್ನ ಕೂತು ಓದಿದೆ. ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ. ಎಲ್ಲೂ ಒಂದು ತಪ್ಪಿರಲಿಲ್ಲ.